ಸಾಲಿಸಿಟರ್ ಆಗಬೇಕೆ? ಮೊದಲು ಕೆಲಸ ಹುಡುಕಿ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಬೇಕು ಅನ್ನುವವರು ಮೊದಲು ವಿಚಾರಿಸುವುದು ಪರೀಕ್ಷೆಯನ್ನು. ಎಷ್ಟು ಪೇಪರು, ಎಷ್ಟು ಫೀಸು, ಎಷ್ಟು ಜನ ಪಾಸಾಗ್ತಾರೆ? ಇಲ್ಲಿನ ಕನ್ನಡ ಕೂಟಗಳಲ್ಲಿ ಸಿಗುವ ಅಪ್ಪ ಅಮ್ಮಂದಿರು ಕೇಳುವುದೂ ಇದನ್ನೇ, ಬೆಂಗಳೂರಿನಿಂದ ಫೋನ್ ಮಾಡುವ ಕಿರಿಯ ವಕೀಲರು ಕೇಳುವುದೂ ಇದನ್ನೇ. ನನ್ನ ಪ್ರಕಾರ ಪರೀಕ್ಷೆ ಆಮೇಲಿನ ಮಾತು. ಸಾಲಿಸಿಟರ್ ಆಗಲು ಪರೀಕ್ಷೆಯ ಜೊತೆಗೆ ಬೇಕಾದ ಎರಡು ವರ್ಷದ ಕೆಲಸ ಎಲ್ಲಿ ಸಿಗುತ್ತೆ, ಅಷ್ಟು ದಿನ ಮನೆ ಬಾಡಿಗೆ ಯಾರು ಕಟ್ಟುತ್ತಾರೆ, ಅದನ್ನು ಮೊದಲು ನೋಡಬೇಕು.

ಕರ್ನಾಟಕದಲ್ಲಿ ಎಲ್‌ಎಲ್‌ಬಿ ಮುಗಿಸಿ ಬಾರ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು ಕ್ರಯಪತ್ರದಿಂದ ಕೋರ್ಟಿನ ವಾದದವರೆಗೆ ಎಲ್ಲವನ್ನೂ ಮಾಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೆಲಸ ಹಂಚಿಹೋಗಿದೆ. ಕಕ್ಷಿದಾರರ ಜೊತೆ ಕೂತು ಮನೆ ಮಾರಾಟ, ವಿಲ್, ವಿಚ್ಛೇದನ, ಕಂಪನಿ ಒಪ್ಪಂದಗಳನ್ನು ನೋಡುವವರು ಸಾಲಿಸಿಟರ್. ದೊಡ್ಡ ಕೋರ್ಟುಗಳಲ್ಲಿ ಎದ್ದು ವಾದಿಸುವವರು ಹೆಚ್ಚಾಗಿ ಬ್ಯಾರಿಸ್ಟರ್. ಸ್ಕಾಟ್ಲೆಂಡಿನ ನಿಯಮ ಬೇರೆ, ಅದನ್ನು ಇವತ್ತು ಮುಟ್ಟುವುದಿಲ್ಲ.

2021ರ ಸೆಪ್ಟೆಂಬರ್‌ವರೆಗೆ ಹೆಚ್ಚಿನವರಿಗೆ ಇದ್ದದ್ದು ಒಂದೇ ದಾರಿ. ಕಾನೂನು ಪದವಿ, ಆಮೇಲೆ ಎಲ್‌ಪಿಸಿ, ಅಂದರೆ ಲೀಗಲ್ ಪ್ರಾಕ್ಟೀಸ್ ಕೋರ್ಸ್, ಕೊನೆಗೆ ಒಂದು ವಕೀಲರ ಫರ್ಮಿನಲ್ಲಿ ಎರಡು ವರ್ಷ ತರಬೇತಿಯ ಕೆಲಸ, ಅಂದರೆ ಟ್ರೈನಿಂಗ್ ಕಾಂಟ್ರಾಕ್ಟ್. ಜನ ಸಿಕ್ಕಿಬೀಳುತ್ತಿದ್ದದ್ದು ಈ ಕೊನೆಯ ಮೆಟ್ಟಿಲಲ್ಲಿ. ಕೋರ್ಸಿಗೆ ಹತ್ತು ಸಾವಿರ ಪೌಂಡಿಗಿಂತ ಜಾಸ್ತಿ ಸುರಿದು, ಕಾಂಟ್ರಾಕ್ಟ್ ಸಿಗದೆ, ವರ್ಷಗಟ್ಟಲೆ ಪ್ಯಾರಾಲೀಗಲ್, ಅಂದರೆ ಸಾಲಿಸಿಟರ್ ಅರ್ಹತೆ ಇಲ್ಲದ ಕಾನೂನು ಸಹಾಯಕರಾಗಿಯೇ ಉಳಿದವರಿದ್ದಾರೆ. ಆಗಲೇ ಆ ದಾರಿ ಹಿಡಿದಿದ್ದವರಿಗೆ 2032ರ ಡಿಸೆಂಬರ್ 31ರವರೆಗೆ ಅವಕಾಶ ಇದೆ. ಹೊಸಬರಿಗೆ ಇರುವುದು ಎಸ್‌ಕ್ಯೂಇ, ಅಂದರೆ ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಷನ್.

ಇದಕ್ಕೆ ಕಾನೂನು ಪದವಿಯೇ ಬೇಕು ಅಂತಿಲ್ಲ. ಇತಿಹಾಸ ಓದಿದವರೂ ಬರೆಯಬಹುದು, ಎಂಜಿನಿಯರಿಂಗ್ ಓದಿದವರೂ ಬರೆಯಬಹುದು. ಪರೀಕ್ಷೆಯ ಎರಡು ಹಂತ, ಎರಡು ವರ್ಷದ ಕೆಲಸ, ಕೊನೆಗೆ ನಡತೆಯ ತಪಾಸಣೆ. ಇಷ್ಟು ಆದರೆ ಹೆಸರು ಸಾಲಿಸಿಟರ್‌ಗಳ ಪಟ್ಟಿಗೆ ಸೇರುತ್ತದೆ.

ಮೊದಲ ಹಂತದಲ್ಲಿ 360 ಪ್ರಶ್ನೆ, ಎರಡು ದಿನಕ್ಕೆ ಹಂಚಿ. ಪ್ರತಿಯೊಂದಕ್ಕೂ ಐದು ಉತ್ತರ ಕೊಟ್ಟಿರುತ್ತಾರೆ, ಒಂದನ್ನು ಆರಿಸಬೇಕು. ಪುಸ್ತಕ ನೋಡುವ ಹಾಗಿಲ್ಲ. ಒಂದು ಪ್ರಶ್ನೆಗೆ ಒಂದೂಮುಕ್ಕಾಲು ನಿಮಿಷವೂ ಸಿಗುವುದಿಲ್ಲ. ಟಿಕ್ ಹಾಕುವುದು ತಾನೇ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಕೂತವರಲ್ಲಿ ಪಾಸಾಗುವುದು ಸುಮಾರು ಅರ್ಧದಷ್ಟು ಜನ, ಕೆಲವು ಸಲ ಅದಕ್ಕೂ ಕಡಿಮೆ.

ಯಾಕೆ ಕಷ್ಟ ಅಂತ ಒಂದು ಉದಾಹರಣೆ ಕೊಡ್ತೀನಿ. ಒಬ್ಬರು ವಿಲ್ ಬರೆಯದೆ ತೀರಿಕೊಂಡಿದ್ದಾರೆ. ಹೆಂಡತಿ ಇದ್ದಾರೆ, ಇಬ್ಬರು ಮಕ್ಕಳಿದ್ದಾರೆ, ವಯಸ್ಸಾದ ತಾಯಿಯೂ ಇದ್ದಾರೆ. ಮನೆಯ ಸಾಮಾನು ಬಿಟ್ಟು ಉಳಿದ ಆಸ್ತಿ 5,22,000 ಪೌಂಡ್. ಯಾರಿಗೆ ಎಷ್ಟು? ಬೆಂಗಳೂರಿನಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಓದಿದವರ ಕೈ ತಾನಾಗಿ ನಾಲ್ಕು ಸಮಪಾಲಿನ ಕಡೆ ಹೋಗುತ್ತದೆ. ತಾಯಿ, ಹೆಂಡತಿ, ಇಬ್ಬರು ಮಕ್ಕಳು, ಮುಗೀತು. ಇಂಗ್ಲೆಂಡಿನ ಲೆಕ್ಕ ಬೇರೆ. 2023ರ ಜುಲೈ 26ರ ನಂತರದ ಸಾವಾದರೆ ಮೊದಲ 3,22,000 ಪೌಂಡ್ ಹೆಂಡತಿಗೆ. ಉಳಿದ 2 ಲಕ್ಷದಲ್ಲಿ ಅರ್ಧ ಮತ್ತೆ ಹೆಂಡತಿಗೇ, ಇನ್ನರ್ಧ ಇಬ್ಬರು ಮಕ್ಕಳಿಗೆ. ಅಂದರೆ ಹೆಂಡತಿಗೆ 4,22,000, ಮಕ್ಕಳಿಗೆ ತಲಾ 50,000. ತಾಯಿಗೆ ಏನೂ ಇಲ್ಲ. ಸಮಪಾಲಿನ ಉತ್ತರವನ್ನೂ ಐದರಲ್ಲಿ ಒಂದಾಗಿ ಇಟ್ಟಿರಬಹುದು. ಊರಿನಲ್ಲಿ ಒಳ್ಳೆ ಹೆಸರು ಮಾಡಿದ ವಕೀಲರು ಎಡವುವುದು ಇಂಥ ಕಡೆ. ಅವರಿಗೆ ಓದಬೇಕಾದ್ದಕ್ಕಿಂತ ಮರೆಯಬೇಕಾದ್ದೇ ಜಾಸ್ತಿ.

ಎರಡನೇ ಹಂತದಲ್ಲಿ 12 ಬರವಣಿಗೆಯ ಕೆಲಸ, 4 ಮೌಖಿಕ. ಮೌಖಿಕದಲ್ಲಿ ಒಂದು ಭಾಗ ನನಗೆ ಇಷ್ಟ. ನಟರೊಬ್ಬರು ಕಕ್ಷಿದಾರರಾಗಿ ಎದುರಿಗೆ ಬಂದು ಕೂರುತ್ತಾರೆ. ತಯಾರಿಗೆ 10 ನಿಮಿಷ, ಮಾತಿಗೆ 25 ನಿಮಿಷ. ಅವರ ಕಷ್ಟ ಏನು ಅಂತ ಕೇಳಿ ಹೊರತೆಗೆಯಬೇಕು. ಸೆಕ್ಷನ್ನುಗಳನ್ನು ಒದರುತ್ತಾ ಹೋದರೆ ಅಂಕ ಹೋಯಿತು, ಯಾಕಂದರೆ ಆ ಭೇಟಿಗೆ ಅಂಕ ಕೊಡುವವರು ಅದೇ ಕಕ್ಷಿದಾರರ ಪಾತ್ರ ಮಾಡಿದವರು. ಆಮೇಲೆ ಮಾತುಕತೆಯ ಟಿಪ್ಪಣಿ ಬರೆಯಲು ಇನ್ನೊಂದು 25 ನಿಮಿಷ. ಅದರಲ್ಲಿ ಕಾನೂನಿನ ತಿಳಿವಳಿಕೆ ನೋಡುತ್ತಾರೆ. ಕಚೇರಿಯಲ್ಲಿ ನಿಜವಾಗಿ ಕೆಲಸ ಮಾಡಿದವರಿಗೆ ಈ ಹಂತ ಅಷ್ಟು ಹೆದರಿಕೆ ಹುಟ್ಟಿಸುವುದಿಲ್ಲ.

ಎರಡೂ ಹಂತದ ಶುಲ್ಕ ಸೇರಿ ಸುಮಾರು 4,900 ಪೌಂಡ್. ರೂಪಾಯಿಯಲ್ಲಿ 5 ಲಕ್ಷ ದಾಟುತ್ತದೆ. ತಯಾರಿ ಕೋರ್ಸಿಗೆ ಬೇರೆ ದುಡ್ಡು. ಪ್ರತಿ ಹಂತಕ್ಕೂ ಆರು ವರ್ಷದಲ್ಲಿ ಮೂರೇ ಅವಕಾಶ. ನೋಡೋಣ ಅಂತ ಸುಮ್ನೆ ಹೋಗಿ ಕೂತು ಬರುವ ಪರೀಕ್ಷೆ ಇದಲ್ಲ.

ಇನ್ನು ಎರಡು ವರ್ಷದ ಕೆಲಸಕ್ಕೆ ಬರೋಣ. ಹೊಸ ಪದ್ಧತಿಯ ದೊಡ್ಡ ಉಪಕಾರ ಇಲ್ಲಿದೆ. ಅನುಭವವನ್ನು ಒಂದೇ ಫರ್ಮಿನಲ್ಲಿ ಪಡೆಯಬೇಕಾಗಿಲ್ಲ, ನಾಲ್ಕು ಕಡೆಯವರೆಗೆ ಕೂಡಿಸಬಹುದು. ಕಾಲೇಜಿನ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಮಾಡಿದ್ದು, ಪ್ಯಾರಾಲೀಗಲ್ ಆಗಿ ದುಡಿದದ್ದು, ಕಂಪನಿಯ ಕಾನೂನು ವಿಭಾಗದಲ್ಲಿ ಇದ್ದದ್ದು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಹಾಗಂತ ಎಲ್ಲ ಅನುಭವಕ್ಕೂ ಮಾರುಕಟ್ಟೆಯಲ್ಲಿ ಒಂದೇ ಬೆಲೆ ಅಂದುಕೊಳ್ಳಬೇಡಿ. ದೊಡ್ಡ ಫರ್ಮುಗಳು ಇವತ್ತಿಗೂ ಟ್ರೈನಿಂಗ್ ಕಾಂಟ್ರಾಕ್ಟ್ ಕೊಟ್ಟೇ ಜನರನ್ನು ತೆಗೆದುಕೊಳ್ಳುತ್ತವೆ. ಹಾಗೆ ತೆಗೆದುಕೊಂಡವರ ಪರೀಕ್ಷೆಯ ಖರ್ಚನ್ನು ಎಷ್ಟೋ ಫರ್ಮುಗಳು ತಾವೇ ಕಟ್ಟುತ್ತವೆ, ಓದುವ ವರ್ಷದ ಊಟ ಬಾಡಿಗೆಗೂ ಕೊಡುತ್ತವೆ. ಕಾನೂನು ವಿದ್ಯಾರ್ಥಿಗಳು ಇದಕ್ಕೆ ಎರಡನೇ ವರ್ಷದಲ್ಲೇ ಅರ್ಜಿ ಹಾಕಬೇಕು. ಆ ಅರ್ಜಿಗಳ ಫಲಿತಾಂಶ ಬರುವ ಮೊದಲೇ ಸ್ವಂತ ದುಡ್ಡು ಕಟ್ಟಿ ಪರೀಕ್ಷೆಗೆ ಓಡುವುದು ಅವಸರ.

ಇಂಗ್ಲೆಂಡಿನಲ್ಲೇ ಬೆಳೆದ ಮಕ್ಕಳಿಗೆ ಇನ್ನೊಂದು ದಾರಿ ಇದೆ, ಸಾಲಿಸಿಟರ್ ಅಪ್ರೆಂಟಿಸ್‌ಶಿಪ್. ಹದಿನೆಂಟಕ್ಕೆ ಎ ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ) ಮುಗಿಸಿ ನೇರ ಫರ್ಮಿಗೆ. ಐದಾರು ವರ್ಷ ಕೆಲಸ ಮಾಡುತ್ತಾ, ವಾರದಲ್ಲಿ ಸುಮಾರು ಒಂದು ದಿನ ಓದುತ್ತಾ, ಸಂಬಳ ತೆಗೆದುಕೊಳ್ಳುತ್ತಾ ಅದೇ ಎಸ್‌ಕ್ಯೂಇ ಬರೆಯುತ್ತಾರೆ. ಇದನ್ನು ಹೇಳಿದ ತಕ್ಷಣ ನಮ್ಮ ತಂದೆತಾಯಿಯರ ಮುಖ ಸಪ್ಪಗಾಗುತ್ತದೆ. ಕಾಲೇಜಿಗೆ ಹೋಗದೆ ಅಪ್ರೆಂಟಿಸಾ ಅಂತಾರೆ. ಯೂನಿವರ್ಸಿಟಿಯ ಫೀಸು 2025-26ರಲ್ಲಿ ವರ್ಷಕ್ಕೆ 9,535 ಪೌಂಡ್. ಮೂರು ವರ್ಷದ ಆ ಸಾಲ ಇಲ್ಲದೆ ಅದೇ ಹುದ್ದೆ ತಲುಪಬಹುದು ಅಂದ ಮೇಲೆ ಸಪ್ಪಗಾಗುವುದು ಯಾಕೋ! 2026ರ ಜನವರಿಯಿಂದ ಈ ಅಪ್ರೆಂಟಿಸ್‌ಶಿಪ್‌ಗೆ ಸರ್ಕಾರ ಕೊಡುವ ಹಣ ಹೆಚ್ಚುಕಡಿಮೆ 21 ವರ್ಷದವರೆಗಿನವರಿಗಷ್ಟೇ ಮೀಸಲು. ಪದವಿ ಮುಗಿಸಿ ಆಮೇಲೆ ನೋಡೋಣ ಅಂದರೆ ಈ ಬಾಗಿಲು ಬಹುಪಾಲು ಮುಚ್ಚಿರುತ್ತದೆ.

ಈಗಾಗಲೇ ಭಾರತದಲ್ಲಿ ವಕೀಲರಾಗಿರುವವರಿಗೆ ಎರಡು ವರ್ಷದ ಅನುಭವದ ಷರತ್ತೇ ಇಲ್ಲ. ಎರಡನೇ ಹಂತದಿಂದ ವಿನಾಯಿತಿ ಬೇಕಾದರೆ ತಮ್ಮ ವೃತ್ತಿಯ ಅನುಭವ ತೋರಿಸಿ ಅರ್ಜಿ ಹಾಕಬಹುದು, ಸಿಕ್ಕೇ ಸಿಗುತ್ತೆ ಅಂತ ನೆಚ್ಚಬಾರದು. ಮೊದಲ ಹಂತವನ್ನು ಭಾರತದಲ್ಲಿರುವ ಪಿಯರ್ಸನ್ ವ್ಯೂ ಅನ್ನುವ ಸಂಸ್ಥೆಯ ಪರೀಕ್ಷಾ ಕೇಂದ್ರದಲ್ಲೇ ಬರೆಯಬಹುದು. ಎರಡನೇ ಹಂತದ ಮೌಖಿಕಕ್ಕೆ ಮಾತ್ರ ಇಂಗ್ಲೆಂಡಿಗೋ ವೇಲ್ಸ್‌ಗೋ ಬರಲೇಬೇಕು. ಇದೆಲ್ಲ ಕೇಳುವುದಕ್ಕೆ ಸಲೀಸು. ಹೆಸರು ಪಟ್ಟಿಗೆ ಸೇರಿದ ಮಾತ್ರಕ್ಕೆ ವೀಸಾ ಬರುವುದಿಲ್ಲ. 2025ರ ಜುಲೈಯಿಂದ ಕೆಲಸಕ್ಕೆ ಬರುವವರ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯವಾಗಿ ಇರಬೇಕಾದ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್, ಅದರ ಮೇಲೆ ಸ್ಪಾನ್ಸರ್ ಮಾಡುವ ಫರ್ಮು ಬೇಕು. ಸಣ್ಣ ಊರಿನ ಕಚೇರಿಗಳಿಗೆ ಅದು ಭಾರ. ಬೆಂಗಳೂರಿನಲ್ಲೇ ಇದ್ದು ಇಂಗ್ಲಿಷ್ ಕಾನೂನಿನ ಒಪ್ಪಂದಗಳ ಮೇಲೆ ಕೆಲಸ ಮಾಡುವವರಿಗೆ ಈ ಅರ್ಹತೆ ಉಪಯೋಗಕ್ಕೆ ಬರುತ್ತದೆ. ಬರೀ ಲಂಡನ್ ಕನಸಿಗೆ 5 ಲಕ್ಷ ಕಟ್ಟುವವರು ಮೊದಲು ನಾಲ್ಕು ಫರ್ಮುಗಳಿಗೆ ಬರೆದು, ನಮ್ಮಂಥವರನ್ನು ತೆಗೆದುಕೊಳ್ತೀರಾ ಅಂತ ಕೇಳಲಿ.

ಕೊನೆಯದಾಗಿ, ಎರಡು ವರ್ಷದ ಅನುಭವ ಕೂಡಿಸಬೇಕಾದವರಿಗೆ ಒಂದು ಮಾತು. ಆ ಕೆಲಸವನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್ ಒಬ್ಬರು, ಇಲ್ಲವೇ ಆ ಫರ್ಮಿನಲ್ಲಿ ನಿಯಮಪಾಲನೆ ನೋಡುವ ಅಧಿಕಾರಿ ದೃಢೀಕರಿಸಬೇಕು. ನೀವು ಎಷ್ಟು ದಿನ ಇದ್ದಿರಿ, ಕಲಿಯಲು ಅವಕಾಶ ಸಿಕ್ಕಿತೇ, ನಡತೆಯ ಬಗ್ಗೆ ತಕರಾರಿದೆಯೇ, ಅವರು ಹೇಳಬೇಕಾದ್ದು ಇಷ್ಟೇ. ನೀವು ಎಷ್ಟು ಜಾಣರು ಅಂತ ಅವರು ಬರೆಯಬೇಕಾಗಿಲ್ಲ. ಮಾಡಿದ ಕೆಲಸವನ್ನು ವಾರವಾರ ಬರೆದಿಡಿ, ಕಕ್ಷಿದಾರರ ಹೆಸರು ಮಾತ್ರ ಬೇಡ. ಒಂದು ಕಚೇರಿ ಬಿಡುವಾಗಲೇ ಅಲ್ಲಿನ ದೃಢೀಕರಣ ಮುಗಿಸಿಕೊಳ್ಳಿ. ಎರಡು ವರ್ಷ ಕಳೆದು ಹುಡುಕಿದರೆ ಆ ಸಾಲಿಸಿಟರ್ ಬೇರೆ ಕಡೆ ಹೋಗಿರಬಹುದು, ನಿವೃತ್ತರೂ ಆಗಿರಬಹುದು.

ನಮಸ್ಕಾರ.