ಅಜ್ಜನ ರತ್ನಗಂಬಳಿಯನ್ನು ಮಗುಚಿ ನೋಡಿದಾಗ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಮೂರು ಜನರಂತೂ ರತ್ನಗಂಬಳಿಯನ್ನೇ ಹೊತ್ತು ತಂದಿದ್ದೀರಿ. ಜೀಪಿನಿಂದ ಟಾರ್ಪಾಲು ಬಿಚ್ಚಿ ಇಳಿಸುತ್ತಿದ್ದುದನ್ನು ನೋಡಿದೆ. ಅವು ಆ ಉದ್ದ ಮೇಜಿನ ಮೇಲಿರಲಿ. ಅವು ಎಲ್ಲಿಯವು, ಎಷ್ಟು ಹಳೆಯವು, ಎಷ್ಟು ಬೆಲೆಯವು ಅಂತ ತಿಳಿಯುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಮೊದಲು ನಮ್ಮ ಮನೆಯದನ್ನೇ ಹೇಳಿಬಿಡುತ್ತೇನೆ. ದೊರೆಯೊಬ್ಬರು ತೋಟ ಮಾರಿ ಹೊರಟಾಗ ಬಂಗಲೆಯ ಸಾಮಾನು ಹರಾಜಾಯಿತಂತೆ. ಊಟದ ಮೇಜಿನ ಜೊತೆ ಅಜ್ಜ ಒಂದು ಕೆಂಪು ರತ್ನಗಂಬಳಿಯನ್ನೂ ತಂದರು. ಅಜ್ಜಿಯ ಬಾಯಲ್ಲಿ ಅದು ‘ಪರ್ಷಿಯಾದ್ದು’. ಅಪ್ಪನ ಕಾಲಕ್ಕೆ ‘ಮುನ್ನೂರು ವರ್ಷದ್ದು’ ಆಯಿತು. ಆಸ್ತಿ ಪಾಲಾಗುವ ಹೊತ್ತಿಗೆ ಚಿಕ್ಕಪ್ಪ ‘ಲಕ್ಷಗಟ್ಟಲೆ ಬಾಳುತ್ತೆ’ ಅಂದರು. ಮೂವರಲ್ಲಿ ಒಬ್ಬರೂ ಅದನ್ನು ಮಗುಚಿ ನೋಡಿರಲಿಲ್ಲ. ವರ್ಷಕ್ಕೊಮ್ಮೆ ಕಾಫಿ ಕಣದಲ್ಲಿ ಬಿಸಿಲಿಗೆ ಹಾಕುವಾಗಲೂ ಹೂವಿನ ಬದಿಯೇ ಮೇಲೆ. ಹೂವೆಲ್ಲ ಬಾಡಿದ್ದು ಹಾಗೆಯೇ!

ಹಿಂಬದಿಯಲ್ಲಿ ಮೊದಲು ನೋಡಬೇಕಾದದ್ದು ಗಂಟು, ಅಂದರೆ ಮಗ್ಗದ ದಾರಕ್ಕೆ ಉಣ್ಣೆಯ ಎಳೆ ಕಟ್ಟಿದ ಜಾಗ. ಕೈನೇಯ್ಗೆಯದರಲ್ಲಿ ಮುಂಬದಿಯ ಚಿತ್ತಾರ ಹಿಂದೆಯೂ ಸ್ಪಷ್ಟವಾಗಿ ಕಾಣುತ್ತದೆ. ಸಾಲುಗಳು ಅಲ್ಲಲ್ಲಿ ಸೊಟ್ಟ ಇರುತ್ತವೆ. ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಗಂಟು ಹಾಕಿದ್ದೇ ಅಲ್ಲ, ಉಣ್ಣೆ ಚುಚ್ಚಿ ಗೋಂದು ಬಳಿದದ್ದು. ಕುಚ್ಚನ್ನೂ ನೋಡಿ. ನಾವು ‘ಹಾಸುಹೊಕ್ಕು’ ಅನ್ನುತ್ತೇವಲ್ಲ, ಅದು ಮಗ್ಗದ ಮಾತು. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಆ ಹಾಸಿನ ದಾರವೇ ತುದಿಯಲ್ಲಿ ಕುಚ್ಚಾಗಿ ಹೊರಬರಬೇಕು. ಬೇರೆಯಾಗಿ ಹೊಲಿದಿದ್ದರೆ ಯಂತ್ರದ್ದಿರಬಹುದು, ಇಲ್ಲವೇ ಹಳೆಯ ಕುಚ್ಚು ಸವೆದು ಯಾರೋ ರಿಪೇರಿ ಮಾಡಿರಬಹುದು.

ಗಂಟಿನಲ್ಲಿ ಮುಖ್ಯವಾಗಿ ಎರಡು ಜಾತಿ. ಟರ್ಕಿ ಗಂಟು ಹಾಸಿನ ಅಕ್ಕಪಕ್ಕದ ಎರಡೂ ಎಳೆಗಳನ್ನು ಸುತ್ತುತ್ತದೆ. ಪರ್ಷಿಯನ್ ಗಂಟು ಒಂದನ್ನು ಪೂರ್ತಿ ಸುತ್ತಿ, ಇನ್ನೊಂದರ ಹಿಂದಿನಿಂದ ಹಾದುಹೋಗುತ್ತದೆ. ಟರ್ಕಿ, ಕಾಕಸಸ್ ಕಡೆಯವರದು ಮೊದಲನೆಯದು. ಪರ್ಷಿಯಾದ, ಅಂದರೆ ಈಗಿನ ಇರಾನಿನ, ಕಾಶಾನ್, ಇಸ್ಫಹಾನ್, ಕಿರ್ಮಾನ್ ಊರುಗಳದ್ದು ಮತ್ತು ನಮ್ಮ ದೇಶದ್ದು ಸಾಮಾನ್ಯವಾಗಿ ಎರಡನೆಯದು. ಆದರೆ ಇರಾನಿನಲ್ಲೇ ಇರುವ ತಬ್ರೀಜ್, ಹೆರಿಜ್ ಕಡೆ ಟರ್ಕಿ ಗಂಟು. ತಮಾಷೆ ಏನೆಂದರೆ, ಪರ್ಷಿಯನ್ ಗಂಟಿಗೆ ‘ಸೆನ್ನೆ ಗಂಟು’ ಅಂತಲೂ ಹೆಸರಿದೆ. ಸೆನ್ನೆ ಊರಿನವರು ಮಾತ್ರ ಟರ್ಕಿ ಗಂಟು ಹಾಕುತ್ತಾರೆ!

ಚಿತ್ತಾರ ನೋಡಿ ಊರು ಹೇಳಲು ಹೋಗಬೇಡಿ. ಆನೆ ಹೆಜ್ಜೆಯಂಥ ಎಂಟು ಮೂಲೆಯ ಗುರುತಿದ್ದರೆ ಎಲ್ಲರೂ ‘ಬುಖಾರಾ’ ಅನ್ನುತ್ತಾರೆ. ಅದು ತುರ್ಕಮೆನ್ ಜನರ ಚಿತ್ತಾರ, ಮಾರಾಟವಾಗುತ್ತಿದ್ದದ್ದು ಬುಖಾರಾ ಪೇಟೆಯಲ್ಲಿ. ಅದನ್ನೇ ಪಾಕಿಸ್ತಾನದಲ್ಲಿ ರಾಶಿ ರಾಶಿ ನೇಯ್ದರು. ಕಾಶಾನಿನ ಚಿತ್ತಾರವನ್ನು ಕಾಶ್ಮೀರದಲ್ಲೂ ನೇಯುತ್ತಾರೆ. ಹಾಸಿನ ದಾರ ಇದಕ್ಕಿಂತ ಹೆಚ್ಚು ನಂಬಿಕೆಯ ಸಾಕ್ಷಿ. ಕುರಿ ಸಾಕುವ ಅಲೆಮಾರಿಗಳದು ಹಾಸೂ ಉಣ್ಣೆಯೇ. ಪೇಟೆಯ ಕಾರ್ಖಾನೆಗಳಲ್ಲಿ ಹತ್ತಿ, ದುಬಾರಿಯದರಲ್ಲಿ ರೇಷ್ಮೆ. ಅನುಮಾನವಿದ್ದರೆ ಕುಚ್ಚಿನಿಂದ ಒಂದೇ ಎಳೆ ಕಿತ್ತು ಸುಡಿ. ಉಣ್ಣೆ, ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ.

ಈಗ ವಯಸ್ಸು. ನನಗೆ ಜಾಸ್ತಿ ಇಷ್ಟವಾದ ಭಾಗ ಇದು. ಹಳೆಯ ಕಾಲದಲ್ಲಿ ಕೆಂಪು ಹೆಚ್ಚಾಗಿ ಬರುತ್ತಿದ್ದದ್ದು ನಮ್ಮ ಮಂಜಿಷ್ಠದ ಜಾತಿಯ ಬೇರಿನಿಂದ, ನೀಲಿ ಬರುತ್ತಿದ್ದದ್ದು ನೀಲಿ ಗಿಡದಿಂದ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ ಹುಡುಗ ಕ್ವಿನೈನ್ ಮಾಡಲು ಹೋಗಿ, ಕೈತಪ್ಪಿ ನೇರಳೆ ಬಣ್ಣ ಮಾಡಿಬಿಟ್ಟ. ಅವನಿಗಾಗ 18 ವರ್ಷ. ಮಲೇರಿಯಾ ಮದ್ದಿಗೆ ಕಾದಿದ್ದ ಮಲೆನಾಡಿಗೆ ಅದರಿಂದ ಏನೂ ಸಿಗಲಿಲ್ಲ ಬಿಡಿ. ಮೂರೇ ವರ್ಷದಲ್ಲಿ ಮೆಜೆಂಟಾ ಎಂಬ ಕಡು ಗುಲಾಬಿ ಬಣ್ಣವೂ ಕಾರ್ಖಾನೆಯಿಂದ ಬಂತು.  ಹಾಗಾಗಿ ಮೂಲ ನೇಯ್ಗೆಯಲ್ಲಿ ಇಂಥ ಬಣ್ಣದ ಒಂದು ಎಳೆ ಸಿಕ್ಕರೂ ಸಾಕು, ರತ್ನಗಂಬಳಿ ಆ ವರ್ಷಕ್ಕಿಂತ ಹಳೆಯದಲ್ಲ. ರಿಪೇರಿಯ ಎಳೆಯೇ ಅಂತ ಮಾತ್ರ ಮೊದಲು ನೋಡಿಕೊಳ್ಳಿ.

ಇದನ್ನು ನೋಡುವುದು ಸುಲಭ. ಉಣ್ಣೆಯನ್ನು ಹುಲ್ಲು ಬಿಡಿಸಿದ ಹಾಗೆ ಬೆರಳಲ್ಲಿ ಬಿಡಿಸಿ, ಬುಡ ನೋಡಿ. ನಮ್ಮ ಮನೆಯದರಲ್ಲಿ ತುದಿ ಬೂದಿ ಬಣ್ಣ, ಬುಡದಲ್ಲಿ ಕಣ್ಣು ಕುಕ್ಕುವ ಗುಲಾಬಿ. ಮುನ್ನೂರು ವರ್ಷ ಅಲ್ಲಿಗೇ ಮುಗಿಯಿತು. ಹತ್ತಿಯ ಹಾಸು, ಪರ್ಷಿಯನ್ ಗಂಟು. ಅಂಗುಲಕ್ಕೆ ಅಡ್ಡ ಎಂಟು, ಉದ್ದ ಎಂಟು, ಅಂದರೆ ಚದರ ಅಂಗುಲಕ್ಕೆ 64 ಗಂಟು. ಬ್ರಿಟಿಷರ ಮನೆಗಳಿಗೆಂದೇ ಉತ್ತರ ಭಾರತದಲ್ಲಿ ನೇಯ್ದ ಸಾಧಾರಣ ಮಾಲು ಅದು. ಆಗ್ರಾದ ಜೈಲಿನಲ್ಲೂ ಕೈದಿಗಳು ರತ್ನಗಂಬಳಿ ನೇಯುತ್ತಿದ್ದರು. ಅವರು ನೇಯ್ದ ಭಾರಿ ರತ್ನಗಂಬಳಿಯೊಂದು ಇಂಗ್ಲೆಂಡಿನ ವಿಂಡ್ಸರ್ ಅರಮನೆಗೇ ಹೋಯಿತು. ಇದನ್ನೆಲ್ಲ ಹೇಳಿ ಸಮಾಧಾನ ಮಾಡಲು ನೋಡಿದೆ. ಚಿಕ್ಕಪ್ಪ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ಗಿಡದ ಬಣ್ಣ ಇದ್ದ ಮಾತ್ರಕ್ಕೆ ಹಳೆಯದು ಅಂತಲೂ ಅಲ್ಲ. ಟರ್ಕಿಯಲ್ಲಿ 1981ರಿಂದ ದೊಬಾಗ್ ಎಂಬ ಯೋಜನೆಯಡಿ ಹಳ್ಳಿಯ ಹೆಂಗಸರು ಮತ್ತೆ ಬೇರು, ಎಲೆಗಳಿಂದ ಬಣ್ಣ ಹಾಕಿ ನೇಯ್ದಿದ್ದಾರೆ. ಹಳೆಯದರ ಇನ್ನೊಂದು ಗುರುತು ಕಪ್ಪು ಗೆರೆ. ಕಬ್ಬಿಣ ಬೆರೆತ ಕಪ್ಪು ಬಣ್ಣ ಕಾಲ ಕಳೆದಂತೆ ಉಣ್ಣೆಯನ್ನೇ ತಿನ್ನುತ್ತದೆ. ಕಣ್ಣು ಮುಚ್ಚಿ ಕೈಯಾಡಿಸಿದರೆ ಕಪ್ಪು ಇರುವ ಕಡೆ ತಗ್ಗು ಸಿಗುತ್ತದೆ. ಚಹಾ ನೀರಲ್ಲಿ ಅದ್ದಿ ಹಳೆಯದು ಮಾಡುವವರೂ ಇದ್ದಾರೆ. ನಾವು ಕಾಫಿಯವರು, ಆ ಪಾಪ ನಮ್ಮದಲ್ಲ.

ಕೆಲವದರಲ್ಲಿ ಇಸವಿಯನ್ನೇ ನೇಯ್ದಿರುತ್ತಾರೆ, ಹಿಜರಿ ಲೆಕ್ಕದಲ್ಲಿ, ಅಂದರೆ ಮುಸ್ಲಿಂ ಪಂಚಾಂಗದ ಪ್ರಕಾರ. ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿದರೆ ನಮ್ಮ ಇಸವಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇರಾನಿನ ಅರ್ದಬಿಲ್ ರತ್ನಗಂಬಳಿ ಇದೆ. ಅದರ ಮೇಲೆ 946 ಅಂತಿದೆ. ನಮ್ಮ ಲೆಕ್ಕಕ್ಕೆ 1539–40. ಮ್ಯೂಸಿಯಂ ಅದನ್ನು 1893ರಲ್ಲಿ 2,000 ಪೌಂಡಿಗೆ ಕೊಂಡಿತು. ಅಂಕಿಯನ್ನು ಕಿತ್ತು ಮತ್ತೆ ಗಂಟು ಹಾಕಿ ವಯಸ್ಸು ಏರಿಸುವ ಕೈಚಳಕವೂ ಉಂಟು. ಅಂಕಿಯ ಹಿಂಬದಿಯನ್ನು ಮರೆಯದೆ ನೋಡಿ.

ಬೆಲೆ ಎಷ್ಟು ಅಂತ ಕೇಳಲು ಕಾಯುತ್ತಿದ್ದೀರಿ, ಅಲ್ವಾ? ಗಂಟು ಜಾಸ್ತಿಯಾದರೆ ಬೆಲೆ ಜಾಸ್ತಿ ಎಂಬುದು ಅಂಗಡಿಯವರ ಮಾತು. ಒಂದೇ ಊರಿನ ಎರಡನ್ನು ಹೋಲಿಸುವಾಗ ಅದು ಸರಿ. ಒರಟು ಗಂಟಿನ ಹಳೆಯ ಹೆರಿಜ್ ಮುಂದೆ ನಯವಾದ ಹೊಸ ಮಾಲು ನಿಲ್ಲುವುದಿಲ್ಲ. ಜರ್ಮನಿಯ ಹರಾಜೊಂದರಲ್ಲಿ 900 ಯೂರೋ ಅಂದಾಜು ಹಾಕಿದ್ದ ರತ್ನಗಂಬಳಿ 19,700ಕ್ಕೆ ಹೋಯಿತು. 2010ರಲ್ಲಿ ಲಂಡನ್ನಿನಲ್ಲಿ ಅದೇ ಕಿರ್ಮಾನ್ ರತ್ನಗಂಬಳಿ ಸುಮಾರು 62 ಲಕ್ಷ ಪೌಂಡಿಗೆ ಮಾರಾಟವಾಯಿತು. ಮೊದಲು ಮಾರಿದ ಹೆಂಗಸು ಕೋರ್ಟಿಗೆ ಹೋದರು, ಸೋತರು. ಇಂಥದ್ದು ಕೋಟಿಗೊಂದು. ನಿಮ್ಮ ಹಜಾರದಲ್ಲೂ ಇದೆ ಅಂದುಕೊಳ್ಳಬೇಡಿ. ಆದರೆ ಒಬ್ಬರ ಅಂದಾಜಿಗೆ ಮಾರಲೂ ಬೇಡಿ. ಕೊಳ್ಳುವವರಲ್ಲದ ಇಬ್ಬರಿಗಾದರೂ ತೋರಿಸಿ.

ನಮ್ಮ ಕಡೆ ಬೆಲೆ ಕಳೆಯುವುದು ಮಳೆಗಾಲ. ತೇವಕ್ಕೆ ಹತ್ತಿಯ ಹಾಸು ಒಳಗೇ ಕೊಳೆಯುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಒಂದು ಮೂಲೆಯನ್ನು ಮೆಲ್ಲಗೆ ಮಡಚಿ ಕಿವಿ ಹತ್ತಿರ ಹಿಡಿಯಿರಿ. ಹಪ್ಪಳ ಮುರಿದಂತೆ ಚಟಚಟ ಅಂದರೆ ದಾರ ಸತ್ತಿದೆ. ಇನ್ನು ನುಸಿ. ಅದು ಕೂರುವುದು ಕತ್ತಲೆಯಲ್ಲಿ, ಮಂಚದಡಿ, ಬೀರುವಿನ ಹಿಂದೆ. ನುಸಿಗುಳಿಗೆ ಹಾಕಿ ಮರೆತರೆ ಆಗದು, ಆಗಾಗ ಬಿಚ್ಚಿ ಗಾಳಿಗೆ ಹಾಕಬೇಕು. ಎತ್ತಿಡುವಾಗ ಮಡಚಬೇಡಿ, ಸುತ್ತಿ. ಪ್ಲಾಸ್ಟಿಕ್ ಬೇಡ, ಹಳೆಯ ಪಂಚೆ ಸಾಕು.

ಅಮೆರಿಕದಲ್ಲಿರುವ ಮಗಳಿಗೆ ಕೊಟ್ಟು ಕಳಿಸೋಣ ಅನ್ನುವವರಿಗೆ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ನಾವು ನೀವು ದೇಶದಿಂದ ಆಚೆ ಸಾಗಿಸುವಂತಿಲ್ಲ. ಮನೆಯಲ್ಲಿ ‘ಮುನ್ನೂರು ವರ್ಷದ್ದು’ ಅಂತ ಜಂಬ ಕೊಚ್ಚಿಕೊಂಡದ್ದನ್ನು ವಿಮಾನ ನಿಲ್ದಾಣದಲ್ಲಿ ಹೇಳಬೇಡಿ.

ಸರಿ, ಟಾರ್ಪಾಲು ಬಿಚ್ಚಿ. ಹೂವಿನ ಬದಿ ಕೆಳಗೆ ಹಾಕಿ ಹಾಸಿ. ಯಾರಾದರೂ ಆ ಟ್ಯೂಬ್‌ಲೈಟ್ ಹಾಕಿ. ಒಂದು ಅಳತೆಪಟ್ಟಿಯೂ ಬೇಕು.