ಕಡಲಡಿಯ ಕೆಸರು ಹಿಡಿದಿಟ್ಟ ದಿಕ್ಕು

ಶ್ರೋತೃಗಳಿಗೆ ನಮಸ್ಕಾರ.

ಗದಗ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಬೋರು ಹಾಕುವ ಲಾರಿಗಳ ಸದ್ದು ಸರಿರಾತ್ರಿಯವರೆಗೂ ಕೇಳಿಸುತ್ತದೆ. ಹೊಲದ ಯಜಮಾನರು ಬ್ಯಾಟರಿ ಹಿಡಿದು ನಿಂತು, ಗಾಳಿಯ ಒತ್ತಡಕ್ಕೆ ಮೇಲೆ ಚಿಮ್ಮುವ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ನೋಡುತ್ತಾರೆ. ಬಣ್ಣ ಬದಲಾದರೆ ಕೆಳಗಿನ ಕಲ್ಲು ಬದಲಾಯಿತೆಂದು ತಿಳಿಯುತ್ತಾರೆ. ನೀರಿನ ಕೆಲಸಕ್ಕೆ ಅಷ್ಟು ಸಾಕು. ಆದರೆ ಆ ಕಲ್ಲು ಭೂಮಿಯೊಳಗೆ ಯಾವ ಮಗ್ಗುಲಾಗಿ ಮಲಗಿತ್ತು, ಅದರ ಪದರುಗಳು ಯಾವ ಕ್ರಮದಲ್ಲಿದ್ದವು ಎಂಬುದನ್ನು ಪುಡಿ ಹೇಳಲಾರದು. ಕಲ್ಲನ್ನು ಪುಡಿ ಮಾಡದೆ, ಕೆಸರನ್ನೂ ಕದಡದೆ, ಕಬ್ಬಿನ ಗಣಿಕೆಯಂತೆ ಇಡಿಯಾಗಿ ಮೇಲೆತ್ತುವ ಇನ್ನೊಂದು ಬಗೆಯ ಕೊರೆತವಿದೆ. ಅದು ನಡೆಯುವುದು ಸಮುದ್ರದ ನಡುವೆ, ಎರಡು ಮೂರು ಕಿಲೋಮೀಟರು ನೀರಿನ ಕೆಳಗೆ.

ಇಂಥ ಕೆಲಸಕ್ಕೆ ಹೆಸರಾದ ಹಡಗು ‘ಜಾಯ್ಡೀಸ್ ರೆಸಲ್ಯೂಷನ್’. 1978ರಲ್ಲಿ ತೈಲ ಶೋಧನೆಗೆಂದು ಕಟ್ಟಿದ, 143 ಮೀಟರ್ ಉದ್ದದ ಈ ಹಡಗು 1985ರಿಂದ 2024ರವರೆಗೆ ವಿಜ್ಞಾನದ ಸೇವೆಯಲ್ಲಿತ್ತು. ಅದರ ಒಡಲ ನಡುವೆ ಒಂದು ದೊಡ್ಡ ತೂತು. ಅದರ ಮೇಲೆ ಗೋಪುರ. ಆ ಗೋಪುರದಿಂದ ಕೊಳವೆಗೆ ಕೊಳವೆ ಜೋಡಿಸುತ್ತ ಕೆಳಗಿಳಿಸುತ್ತಿದ್ದರು. ಅಷ್ಟು ಆಳದಲ್ಲಿ ಲಂಗರು ನಿಲ್ಲದ ಕಾರಣ, ಹಡಗಿನ ಸುತ್ತ ಅಳವಡಿಸಿದ ಯಂತ್ರಗಳೇ ಅಲೆ ಗಾಳಿಗಳಿಗೆ ಎದುರಾಗಿ ತಳ್ಳುತ್ತ ಅದನ್ನು ಒಂದೇ ಜಾಗದಲ್ಲಿ ನಿಲ್ಲಿಸಬೇಕಿತ್ತು.

2014ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಈ ಹಡಗು ಜಪಾನಿನ ದಕ್ಷಿಣಕ್ಕೆ, ಇಜು ದ್ವೀಪಗಳ ಹಿಂಬದಿಯ ಕಡಲಿನಲ್ಲಿ ನಿಂತಿತ್ತು. ಅಲ್ಲಿ ಶಾಂತ ಸಾಗರದ ಭೂಫಲಕವು ಫಿಲಿಪೈನ್ ಸಮುದ್ರದ ಫಲಕದ ಅಡಿಗೆ ಜಾರಿ ಇಳಿಯುತ್ತಿದೆ. ಇಳಿಯುವ ಫಲಕ ತನ್ನೊಂದಿಗೆ ನೀರನ್ನೂ ಒಯ್ಯುತ್ತದೆ; ಆ ನೀರು ಆಳದಲ್ಲಿ ಬಿಡುಗಡೆಯಾಗಿ ಮೇಲಿನ ಬಿಸಿ ಶಿಲೆಯನ್ನು ಸೇರಿದಾಗ ಅದರ ಕರಗುವ ಬಿಂದು ತಗ್ಗಿ ಶಿಲಾಪಾಕ ಹುಟ್ಟುತ್ತದೆ. ಆ ಪಾಕ ಮೇಲೇರಿ ಬಂದ ಕಡೆಗಳಲ್ಲೆಲ್ಲ ಜ್ವಾಲಾಮುಖಿ. ಇವು ಬಿಲ್ಲಿನಂತೆ ಬಾಗಿದ ಸಾಲಿನಲ್ಲಿರುವುದರಿಂದ ಈ ಸಾಲಿಗೆ ಜ್ವಾಲಾಮುಖಿ ಚಾಪ ಎನ್ನುತ್ತಾರೆ. ಇಜುವಿನಿಂದ ಮರಿಯಾನಾವರೆಗಿನ ಈ ಚಾಪ ಸುಮಾರು 2,800 ಕಿಲೋಮೀಟರ್ ಉದ್ದವಾಗಿದ್ದು, ಸುಮಾರು 5 ಕೋಟಿ ವರ್ಷಗಳಿಂದ ಉರಿಯುತ್ತ ಬಂದಿದೆ. ಇದು ಬರೀ ಹಳೆಯ ಕತೆಯಲ್ಲ. 1952ರ ಸೆಪ್ಟೆಂಬರಿನಲ್ಲಿ ಇದೇ ಸಾಲಿನ ನೀರೊಳಗಿನ ಜ್ವಾಲಾಮುಖಿಯೊಂದನ್ನು ನೋಡಲು ಹೋದ ಜಪಾನಿನ ಸಮೀಕ್ಷೆಯ ಹಡಗು ಸ್ಫೋಟಕ್ಕೆ ಸಿಕ್ಕಿ, ಅದರಲ್ಲಿದ್ದ 31 ಮಂದಿಯೂ ತೀರಿಹೋದರು. ಅವರಲ್ಲಿ ಒಂಬತ್ತು ಮಂದಿ ವಿಜ್ಞಾನಿಗಳು.

ಇಂಥ ಜ್ವಾಲಾಮುಖಿಗಳು ಉಗುಳಿದ ಬೂದಿ ನೀರಿನಲ್ಲಿ ಇಳಿದು ತಳದಲ್ಲಿ ಪದರು ಪದರಾಗಿ ಕೂಡುತ್ತದೆ. 2014ರಲ್ಲಿ ಆ ಹಡಗು 2,117 ಮೀಟರ್ ನೀರು ದಾಟಿ, ಅಲ್ಲಿಂದ ಕೆಳಗೆ 1,806 ಮೀಟರ್ ಕೊರೆಯಿತು. ಜ್ವಾಲಾಮುಖಿಯೇ ತನ್ನ ಕೈಯಾರೆ ಬರೆದ ಕೀರ್ದಿ ಪುಸ್ತಕವಿದು. ಆದರೆ ಈ ಪುಸ್ತಕದ ಪುಟಗಳ ಮೇಲೆ ತಾರೀಖು ಇಲ್ಲ. ತಾರೀಖು ಒದಗಿಸುವುದು ಅಯಸ್ಕಾಂತ.

ಹಳ್ಳದ ಉಸುಕಿನಲ್ಲಿ ಅಯಸ್ಕಾಂತವನ್ನು ಎಳೆದಾಡದ ಮಕ್ಕಳು ನಮ್ಮ ಕಡೆ ಕಡಿಮೆ. ಹೊರಗೆ ತೆಗೆದರೆ ಅದರ ತುದಿಗೆ ಕರಿಯ ಹರಳು ಮೀಸೆಯಂತೆ ನಿಮಿರಿ ನಿಂತಿರುತ್ತವೆ. ಆ ಹರಳಿಗೆ ಮ್ಯಾಗ್ನೆಟೈಟ್ ಎಂದು ಹೆಸರು. ಅದರದೇ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಜ್ವಾಲಾಮುಖಿಯ ಬೂದಿಯಲ್ಲಿ ಹೇರಳವಾಗಿವೆ. ನಿಂತ ನೀರಿನಲ್ಲಿ ನಿಧಾನವಾಗಿ ಇಳಿಯುವಾಗ ಪ್ರತಿ ಕಣವೂ ದಿಕ್ಸೂಚಿಯ ಮುಳ್ಳಿನಂತೆ ಭೂಮಿಯ ಕಾಂತಕ್ಷೇತ್ರಕ್ಕೆ ಅನುಗುಣವಾಗಿ ತಿರುಗಿ, ಮೇಲಿನ ಕೆಸರಿನ ಭಾರ ಬಿದ್ದ ಮೇಲೆ ಅದೇ ಭಂಗಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಭೂಮಿಯ ಉತ್ತರ ದಕ್ಷಿಣ ಕಾಂತಧ್ರುವಗಳು ಆಗಾಗ ಅದಲುಬದಲಾಗಿವೆ. 1906ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಬ್ರೂನ್, ಲಾವಾ ಹರಿದು ಕುಂಬಾರನ ಆವಿಗೆಯಲ್ಲಿಟ್ಟಂತೆ ಸುಟ್ಟುಹೋದ ಜೇಡಿಮಣ್ಣಿನಲ್ಲಿ ತಿರುಗುಮುರುಗಾದ ಕಾಂತತ್ವವನ್ನು ತೋರಿಸಿದರು. 1929ರಲ್ಲಿ ಜಪಾನಿನ ಮೊತೊನೊರಿ ಮತುಯಾಮ, ಈ ಉಲ್ಟಾ ದಿಕ್ಕು ಹಳೆಯ ಶಿಲೆಗಳಲ್ಲಿದೆ, ಹೊಸ ಶಿಲೆಗಳಲ್ಲಿಲ್ಲ ಎಂದು ಗುರುತಿಸಿ ಅದು ಕಾಲಕ್ಕೆ ಸಂಬಂಧಿಸಿದ್ದೆಂದು ಹೇಳಿದರು. ಕೊನೆಯ ಅದಲುಬದಲು ಸುಮಾರು 7 ಲಕ್ಷ 73 ಸಾವಿರ ವರ್ಷಗಳ ಹಿಂದಿನದು. ಟೋಕಿಯೋ ಬಳಿಯ ಚಿಬಾದಲ್ಲಿ, ಒಮ್ಮೆ ಕಡಲ ತಳವಾಗಿದ್ದು ಈಗ ಮೇಲೆದ್ದು ನಿಂತ ನದಿದಂಡೆಯಲ್ಲಿ, ಆ ಅದಲುಬದಲಿನ ಗೆರೆಯೂ ಜ್ವಾಲಾಮುಖಿಯ ಬೂದಿಯ ಒಂದು ತೆಳು ಪದರೂ ಹತ್ತಿರ ಹತ್ತಿರವೇ ಇವೆ. ಬೂದಿಯೊಳಗಿನ ಜಿರ್ಕಾನ್ ಹರಳುಗಳಿಂದ ವಯಸ್ಸು ತೆಗೆಯಬಹುದಾದ್ದರಿಂದ, ಪಕ್ಕದ ಕಾಂತರೇಖೆಗೂ ತಾರೀಖು ಸಿಕ್ಕಿತು. 2020ರಲ್ಲಿ ಆ ದಂಡೆಯ ಹೆಸರಿನಿಂದಲೇ ಭೂಚರಿತ್ರೆಯ ಒಂದು ಯುಗಕ್ಕೆ ಚಿಬಾನಿಯನ್ ಎಂದು ಹೆಸರಿಟ್ಟರು.

ಇಷ್ಟು ಕೇಳಿದರೆ ಕೆಲಸ ಸುಲಭವೆನಿಸಬಹುದು. ನನ್ನ ಮಟ್ಟಿಗೆ ಈ ವಿದ್ಯೆಯ ಗೌರವ ಇರುವುದು ಓದುವುದರಲ್ಲಿ ಅಲ್ಲ, ಓದಿದ್ದನ್ನು ಅನುಮಾನಿಸುವುದರಲ್ಲಿ. ಭೂವಿಜ್ಞಾನ ಕಲಿಸುತ್ತಿದ್ದ ದಿನಗಳಲ್ಲಿ ನಾನು ವಿದ್ಯಾರ್ಥಿಗಳನ್ನು ಕಪ್ಪತಗುಡ್ಡಕ್ಕೆ ಕರೆದೊಯ್ದಾಗ, ಬಂಡೆಯ ಪದರಿನ ದಿಕ್ಕನ್ನು ಅಳೆದು ಬರೆಸಿದೆ. ಎಲ್ಲರ ಅಳತೆಯೂ ಒಂದು, ನನ್ನದೇ ಬೇರೆ. ಕಾರಣ ಹುಡುಕಿದರೆ, ದಿಕ್ಸೂಚಿ ಹಿಡಿದ ಕೈಯ ಮೊಳಕೈಗೆ ಉಕ್ಕಿನ ಸುತ್ತಿಗೆ ತೂಗಿಹಾಕಿಕೊಂಡಿದ್ದೆ. ಹುಡುಗರು ನಗೆ ತಡೆದುಕೊಂಡದ್ದು ನೆನಪಿದೆ.

ಕಡಲ ಕೊರೆತದಲ್ಲಿಯೂ ಇದೇ ಸುತ್ತಿಗೆಯ ತೊಂದರೆ. ಕಿಲೋಮೀಟರುಗಟ್ಟಲೆ ಉದ್ದದ ಉಕ್ಕಿನ ಕೊಳವೆಯೊಳಗಿಂದ ಬರುವ ಕೆಸರಿಗೆ ಆ ಉಕ್ಕಿನ ಕಾಂತತ್ವ ಅಂಟಿಕೊಳ್ಳುತ್ತದೆ. ಅದು ಬಹುಪಾಲು ನೆಟ್ಟಗೆ ಕೆಳಮುಖವಾಗಿರುತ್ತದೆ, ಹಾಗಾಗಿ ಪರಿಚಯವಿದ್ದವರಿಗೆ ಕೂಡಲೇ ಗುರುತು ಸಿಗುತ್ತದೆ. ಅದನ್ನು ತೊಳೆಯಲು ಕೋರ್‌ನ, ಅಂದರೆ ಇಡಿಯಾಗಿ ಮೇಲೆತ್ತಿದ ಗಣಿಕೆಯ, ತುಂಡನ್ನು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತ ಕ್ರಮೇಣ ಕುಗ್ಗುವ ಕಾಂತಕ್ಷೇತ್ರದಲ್ಲಿ ಇಡುತ್ತಾರೆ. ಸಾಮಾನ್ಯವಾಗಿ 20 ಮಿಲಿಟೆಸ್ಲಾ ಆಸುಪಾಸಿನ, ಅಂದರೆ ನಮ್ಮ ಧಾರವಾಡದ ನೆಲದಲ್ಲಿರುವ ಕ್ಷೇತ್ರಕ್ಕಿಂತ ಸುಮಾರು ಐನೂರು ಪಟ್ಟು ಬಲದ ಈ ಉಪಚಾರದಿಂದ ಮೇಲುಮೇಲಿನ ಕಾಂತತ್ವ ಅಳಿದು, ಗಟ್ಟಿಯಾಗಿ ಕೂತ ಹಳೆಯದು ಉಳಿಯುತ್ತದೆ. ಉಳಿದೇ ಉಳಿಯುತ್ತದೆ ಎಂಬ ಭರವಸೆಯೇನೂ ಇಲ್ಲ.

ಇನ್ನೊಂದು ತೊಡಕು ಕೆಸರಿನ ಒಳಗಿನದು. ಆಮ್ಲಜನಕವಿಲ್ಲದ ತಳದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ನೀರಿನ ಸಲ್ಫೇಟನ್ನು ಬಳಸಿ ಗಂಧಕದ ಅನಿಲ ಬಿಡುತ್ತವೆ. ಅದು ಮ್ಯಾಗ್ನೆಟೈಟನ್ನು ಕರಗಿಸುತ್ತದೆ, ಬದಲಿಗೆ ಗ್ರೇಗೈಟ್ ಎಂಬ ಇನ್ನೊಂದು ಕಾಂತಖನಿಜವನ್ನು ಹುಟ್ಟಿಸುತ್ತದೆ. ಇಜುವಿನ ಆ ರಂಧ್ರದಲ್ಲಿಯೂ ಇದು ಸಿಕ್ಕಿತು. ಗ್ರೇಗೈಟ್ ತಾನು ಹುಟ್ಟಿದ ಕಾಲದ ದಿಕ್ಕನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಕೆಸರು ಬಿದ್ದ ಕಾಲದ್ದನ್ನಲ್ಲ. ಹಳೆಯ ಕಾಗದದ ಮೇಲೆ ಹೊಸ ಶಾಯಿಯಲ್ಲಿ ಬರೆದಂತೆ. ನೀರಡಿಯ ಇಳಿಜಾರಿನಲ್ಲಿ ಕುಸಿದು ಬಂದ ಬೂದಿಯ ರಾಡಿಯೂ ಹೀಗೆಯೇ ಮೋಸ ಮಾಡುತ್ತದೆ: ಕೆಲವೇ ತಾಸಿನಲ್ಲಿ ಬಿದ್ದ ದಪ್ಪ ಪದರಿಗೆ ಸಾವಿರಾರು ವರ್ಷಗಳ ಲೆಕ್ಕ ಹಾಕಿದರೆ ಎಲ್ಲವೂ ತಪ್ಪುತ್ತದೆ. ಎರಡು ರಾಡಿಗಳ ನಡುವೆ ಶಾಂತವಾಗಿ ಕೂತ ನಯವಾದ ಮಣ್ಣೇ ನಂಬಿಕೆಗೆ ಅರ್ಹ.

ನಮ್ಮ ದೇಶಕ್ಕೂ ಇಂಥದೇ ಒಂದು ಚಾಪದ ಕೊನೆ ಸೇರಿದೆ. ಸುಮಾತ್ರಾದ ಸಾಲು ಉತ್ತರಕ್ಕೆ ಸಾಗಿ ಅಂಡಮಾನಿನ ಬ್ಯಾರೆನ್ ದ್ವೀಪವನ್ನು ಮುಟ್ಟುತ್ತದೆ. ಅದು ದೀರ್ಘಕಾಲ ಮಲಗಿದ್ದು 1991ರಲ್ಲಿ ಮತ್ತೆ ಎಚ್ಚೆತ್ತ ಜ್ವಾಲಾಮುಖಿ. 2006ರಲ್ಲಿ ಇದೇ ಹಡಗು ಅಂಡಮಾನ್ ಕಡಲಿನಲ್ಲಿ ಕೊರೆದಾಗ ಬೂದಿಯ ಪದರುಗಳು ಬಂದವು. ಸಮಭಾಜಕಕ್ಕೆ ಹತ್ತಿರವಾದ್ದರಿಂದ ಅಲ್ಲಿ ಕಾಂತದ ಮುಳ್ಳು ಬಹುಪಾಲು ಅಡ್ಡಲಾಗಿಯೇ ಮಲಗುತ್ತದೆ. ಮೇಲ್ಮುಖವೋ ಕೆಳಮುಖವೋ ಎಂದು ಹೇಳುವುದು ಜಪಾನಿನ ಕಡಲಿನಷ್ಟು ಸಲೀಸಲ್ಲ.

ಮೇಲ್ಮುಖ, ಕೆಳಮುಖ ಎಂದೆ. ಗಟ್ಟಿ ಕಲ್ಲನ್ನು ಕೊರೆಯುವಾಗ ಕೋರ್ ಬಿಲ್ಲೆ ಬಿಲ್ಲೆಯಾಗಿ ಒಡೆದು ಒಂದೊಂದೂ ಬೇರೆ ಬೇರೆ ಕಡೆಗೆ ತಿರುಗುವುದರಿಂದ, ಉತ್ತರ ಯಾವುದೆಂಬುದು ಕಳೆದುಹೋಗುತ್ತದೆ. ಉಳಿಯುವುದು ಮುಳ್ಳಿನ ಇಳಿಜಾರು ಮಾತ್ರ. ಉತ್ತರಾರ್ಧಗೋಳದಲ್ಲಿ ಈಗಿನಂಥ ಕ್ಷೇತ್ರವಿದ್ದಾಗ ಅದು ಕೆಳಕ್ಕೆ, ತಿರುಗುಮುರುಗಾದಾಗ ಮೇಲಕ್ಕೆ. ಹೀಗಿರುವಾಗ ತುಂಡೊಂದನ್ನು ಯಾರಾದರೂ ತಲೆಕೆಳಗಾಗಿ ಇಟ್ಟರೆ, ಭೂಮಿಯ ಧ್ರುವಗಳೇ ಕಾಗದದ ಮೇಲೆ ತಿರುಗಿಬಿಡುತ್ತವೆ! ಅದಕ್ಕಾಗಿ ಒಂದೂವರೆ ಮೀಟರಿನ ಪ್ರತಿ ತುಂಡಿನ ಮೇಲ್ತುದಿಗೆ ನೀಲಿ ಮುಚ್ಚಳ, ಕೆಳತುದಿಗೆ ಬಣ್ಣವಿಲ್ಲದ ಮುಚ್ಚಳ ಹಾಕುವುದು ಹಡಗಿನ ಕಟ್ಟುನಿಟ್ಟಿನ ಪದ್ಧತಿಯಾಗಿತ್ತು.

ಕಪ್ಪತಗುಡ್ಡದ ಸುತ್ತಲಿನ ಶಿಲೆಗಳು ಸುಮಾರು 250ರಿಂದ 270 ಕೋಟಿ ವರ್ಷಗಳಷ್ಟು ಹಳೆಯವು. ಅವುಗಳಲ್ಲಿ ಒಂದು ಪಾಲು ಇಂಥದೇ ಜ್ವಾಲಾಮುಖಿ ಚಾಪದ ಲಾವಾ ಮತ್ತು ಅದರಿಂದ ಕೊಚ್ಚಿ ಬಂದ ಉಸುಕುಮಣ್ಣು ಎಂದು ಹಲವು ಭೂವಿಜ್ಞಾನಿಗಳು ಹೇಳುತ್ತಾರೆ. ಅವು ಆಮೇಲೆ ಮಡಿಚಿ, ಬಿಸಿಯಾಗಿ, ರೂಪ ಬದಲಿಸಿವೆ. ಹುಟ್ಟುವಾಗ ಹಿಡಿದಿದ್ದ ದಿಕ್ಕನ್ನು ಅವುಗಳಿಂದ ಓದುವುದು ಬಲು ಕಷ್ಟ. ಅವಕ್ಕೆ ನೀಲಿ ಮುಚ್ಚಳವನ್ನಂತೂ ಯಾರೂ ಹಾಕಿಲ್ಲ. ಆದರೆ ಅಲ್ಲಿ ಕೆಲವು ಕಡೆ ನೆಟ್ಟಗೆ ಎದ್ದು ನಿಂತ ಬೂದುಬಣ್ಣದ ಪದರುಗಳ ಮೇಲೆ ನೀರು ಚಿಮುಕಿಸಿ, ಕಣ್ಣಿಗೆ ಮಸೂರ ಹಿಡಿದು ನೋಡಿದರೆ, ಪದರಿನ ಒಂದು ಅಂಚಿನಲ್ಲಿ ದಪ್ಪ ಉಸುಕು, ಇನ್ನೊಂದು ಅಂಚಿನ ಕಡೆಗೆ ಬರಬರುತ್ತ ನಯವಾದ ಮಣ್ಣು ಕಾಣಿಸುತ್ತದೆ. ದಪ್ಪದ್ದು ಮೊದಲು ಬಿದ್ದಿತ್ತು, ಆದ್ದರಿಂದ ಕಡಲ ತಳ ಆ ಕಡೆಗಿತ್ತು.

ನಮಸ್ಕಾರ.