ನಾಲ್ಕಕ್ಕೆ ನಾಲ್ಕು ಮೀನು ತೋರಿಸಿದ ಹುಣ್ಣಿಮೆ

ಕ್ಯಾಮೆರಾದಲ್ಲಿ ಈಗ ಕತ್ತಲೆ ಬಿಟ್ಟು ಏನೂ ಕಾಣುತ್ತಿಲ್ಲ, ಗೊತ್ತು. ಸ್ವಲ್ಪ ತಡೆದುಕೊಳ್ಳಿ. ಬೆಳಗಿನ ಜಾವ ನಾಲ್ಕು ಗಂಟೆ. ಹದಡಿ ರಸ್ತೆ. ಬೈಕಿನ ಹಿಂದೆ ಗಾಳದ ಎರಡು ರಾಡ್ ಕಟ್ಟಿದ್ದೇನೆ. ಒಂದು ಚೀಲದಲ್ಲಿ ಶೇಂಗಾ ಹಿಂಡಿ, ಇನ್ನೊಂದರಲ್ಲಿ ಮಂಡಕ್ಕಿ. ಮಂಡಕ್ಕಿ ಅರ್ಧ ಮೀನಿಗೆ, ಅರ್ಧ ನನಗೆ. ದಾವಣಗೆರೆಯವನು ಅಲ್ವಾ, ಅದಿಲ್ಲದೆ ಊರು ದಾಟುವುದಿಲ್ಲ.

ಹೊರಟಿದ್ದು ಸೂಳೆಕೆರೆಗೆ. ಬೋರ್ಡಿನ ಮೇಲೆ ಶಾಂತಿಸಾಗರ ಅಂತ ಇರುತ್ತದೆ, ಬಾಯಲ್ಲಿ ಮಾತ್ರ ಸೂಳೆಕೆರೆನೇ. ಇದು ಹಿಂದಿನ ವರ್ಷದ ಹೋಳಿ ಹುಣ್ಣಿಮೆಯ ವಿಡಿಯೊ. ಇಷ್ಟು ದಿನ ಹಾಕಿರಲಿಲ್ಲ. ಹಾಕಲು ಏನಾದರೂ ಇರಬೇಕಲ್ಲ!

ನನ್ನ ಮೊಬೈಲಿನಲ್ಲಿ ಗಾಳ ಹಾಕುವವರಿಗೆ ಅಂತಲೇ ಮಾಡಿದ ಒಂದು ಆ್ಯಪ್ ಇದೆ. ಹೆಸರು ಬೇಡ. ದಿನ ಚೆನ್ನಾಗಿದೆಯೋ ಇಲ್ಲವೋ ಅನ್ನುವುದಕ್ಕೆ ಅದು ಮೀನಿನ ಚಿತ್ರ ತೋರಿಸುತ್ತದೆ. ಕೆಟ್ಟ ದಿನಕ್ಕೆ ಒಂದು ಮೀನು, ಒಳ್ಳೆಯ ದಿನಕ್ಕೆ ನಾಲ್ಕು. ಅವತ್ತು ನಾಲ್ಕಕ್ಕೆ ನಾಲ್ಕೂ ಹಸಿರು ಬಣ್ಣದಲ್ಲಿ ಹೊಳೆಯುತ್ತಿದ್ದವು. ಊರಲ್ಲಿ ಹುಡುಗರು ಬಣ್ಣ ಕಲಸುತ್ತಿದ್ದರೆ ನಾನು ಹಿಂಡಿ ಕಲಸುತ್ತಿದ್ದೆ.

ಈಗ ಬೆಳಕಾಗಿದೆ, ನೋಡಿ. ನೀರು ಒಂದು ಚೂರೂ ಅಲುಗುತ್ತಿಲ್ಲ. ಎಲೆಯೂ ಅಲುಗುತ್ತಿಲ್ಲ. ವಿಡಿಯೊಗೆ ಬಹಳ ಚಂದ. ಗಾಳದ ದಾರಕ್ಕೆ ಕಟ್ಟಿದ ಬೆಂಡು ನೆಟ್ಟಗೆ ನಿಂತಿದೆ. ಆರು ಗಂಟೆಗೂ ಹಾಗೇ, ಎಂಟಕ್ಕೂ ಹಾಗೇ. ಹನ್ನೊಂದಕ್ಕೆ ಅದರ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ಬಂದು ಕೂತಿತು. ಆ ದಿನ ನನ್ನ ಗಾಳದ ಹತ್ತಿರ ಬಂದ ಏಕೈಕ ಜೀವ ಅದು.

ಅಷ್ಟರಲ್ಲಿ ಮಾವನ ಫೋನ್. ನನ್ನ ಅಮ್ಮನ ತಮ್ಮ, ಚನ್ನಗಿರಿ ತಾಲೂಕಿನಲ್ಲಿ ಅಡಿಕೆ ತೋಟ, ಸ್ವಲ್ಪ ಗದ್ದೆ.

"ಏನ್ ಅಳಿಯಾ, ಎಷ್ಟು ಸಿಕ್ಕವು?"

"ಒಂದೂ ಇಲ್ಲ ಮಾವ. ಹುಣ್ಣಿಮೆ ಅಂತ ಬಂದೆ."

"ಹುಣ್ಣಿಮೆ ನೋಡ್ಕೊಂಡು ಬಂದ್ಯಾ? ನೀರು ನೋಡ್ಕೊಂಡು ಬರಬೇಕು ಕಣೋ. ಹೋದ ವಾರ ನಾಲೆ ನೀರು ಬಂದಿತ್ತು. ಆಗ ಎಲ್ಲಿದ್ದೆ?"

ಅಲ್ಲಿಂದ ಶುರುವಾಯಿತು ಇವತ್ತಿನ ವಿಡಿಯೊ.

ಮೊದಲು ಆ್ಯಪ್ ಪಾಪ ಏನು ಹೇಳುತ್ತಿದೆ ಅಂತ ನೋಡೋಣ. ಇದರ ಹಿಂದೆ ಹಳೆಯ ಲೆಕ್ಕ ಇದೆ. ಜಾನ್ ಆಲ್ಡನ್ ನೈಟ್ ಅನ್ನುವ ಅಮೆರಿಕದವರು 1926ರಲ್ಲಿ ಇದನ್ನು ಶುರು ಮಾಡಿದರು. ಸೋಲುನಾರ್ ಅಂತ ಹೆಸರು, ಸೂರ್ಯ ಮತ್ತು ಚಂದ್ರ ಸೇರಿದ ಲೆಕ್ಕ. ಚಂದ್ರ ನೆತ್ತಿಯ ಮೇಲೆ ಬಂದಾಗ ಮತ್ತು ನಮ್ಮ ಕಾಲಡಿಗೆ, ಭೂಮಿಯ ಆ ಕಡೆಗೆ ಹೋದಾಗ ಮೀನು ಜಾಸ್ತಿ ತಿನ್ನುತ್ತದೆ ಅನ್ನುವುದು ಅವರ ಮಾತು. ಚಂದ್ರ ಹುಟ್ಟುವಾಗ, ಮುಳುಗುವಾಗ ಅದಕ್ಕಿಂತ ಸಣ್ಣ ಹೊತ್ತು. ಹೀಗೆ ದಿನಕ್ಕೆ ನಾಲ್ಕು ಹೊತ್ತು. ಅಮಾವಾಸ್ಯೆ, ಹುಣ್ಣಿಮೆಗೆ ಜಾಸ್ತಿ ಮಾರ್ಕ್ಸು.

ಈ ಲೆಕ್ಕಕ್ಕೆ ಆ್ಯಪೇ ಬೇಕಾಗಿಲ್ಲ. ಮಾವನ ಮನೆಯ ಗೋಡೆಯಲ್ಲಿ ತೂಗುಹಾಕಿರುವ ಪಂಚಾಂಗ ಸಾಕು. ಅವರು ಬೆರಳು ಮಡಚಿ ಹೇಳುವುದು ಹೀಗೆ: ಹುಣ್ಣಿಮೆ ದಿನ ಹೊತ್ತು ಮುಳುಗುವಾಗ ಚಂದ್ರ ಹುಟ್ಟುತ್ತಾನೆ. ಪಾಡ್ಯಕ್ಕೆ ಎರಡು ಗಳಿಗೆ ತಡ. ಬಿದಿಗೆಗೆ ನಾಲ್ಕು ಗಳಿಗೆ. ತದಿಗೆಗೆ ಆರು. ಒಂದು ಗಳಿಗೆ ಅಂದರೆ 24 ನಿಮಿಷ, ಎರಡಕ್ಕೆ 48. ನಾನು ಆ್ಯಪ್ ಜೊತೆ ಹೋಲಿಸಿದೆ. ಅದರಲ್ಲೂ ದಿನಕ್ಕೆ ಸರಾಸರಿ ಐವತ್ತು ನಿಮಿಷ ತಡ. ಮಾವ ಎರಡೇ ನಿಮಿಷ ಹಿಂದೆ.

ಈ ಲೆಕ್ಕ ಬಂದ ಮೇಲೆ ಒಂದು ತಮಾಷೆ ಗೊತ್ತಾಯಿತು. ಹುಣ್ಣಿಮೆ ದಿನ ಚಂದ್ರ ನೆತ್ತಿಗೆ ಬರುವುದು ನಡುರಾತ್ರಿ. ಕಾಲಡಿಗೆ ಹೋಗುವುದು ನಡುಮಧ್ಯಾಹ್ನ. ನಾನು ಮಲಗಿರುವ ಹೊತ್ತು ಒಂದು, ಬೆನ್ನು ಸುಡುವ ಹೊತ್ತು ಇನ್ನೊಂದು! ಅದೇ ಅಷ್ಟಮಿ ಆಸುಪಾಸು ನೋಡಿ. ಚಂದ್ರ ನೆತ್ತಿಗೆ ಬರುವುದು ಬೆಳಗಿನ ಅಥವಾ ಸಂಜೆಯ ಆರು ಗಂಟೆ ಹೊತ್ತಿಗೆ. ಮೀನು ಹೇಗೂ ಮೇಯುವ ಹೊತ್ತು ಅದೇ. ಅಂದರೆ ನೈಟ್ ಅವರದೇ ಲೆಕ್ಕದಲ್ಲಿ, ಹಗಲು ಗಾಳ ಹಾಕುವ ನಮ್ಮಂಥವರಿಗೆ ಹುಣ್ಣಿಮೆಗಿಂತ ಅಷ್ಟಮಿ ವಾಸಿ. ಆದರೆ ಅಷ್ಟಮಿಗೆ ಆ್ಯಪ್ ಕೊಡುವುದು ಎರಡೇ ಮೀನು.

ಇನ್ನು ಚಂದ್ರ ನೀರನ್ನು ಎಳೆಯುತ್ತಾನೆ, ಅದಕ್ಕೇ ಮೀನು ಏಳುತ್ತದೆ ಅನ್ನುವವರಿದ್ದಾರೆ. ಅದು ಸಮುದ್ರಕ್ಕೆ ಸರಿ. ಮಲ್ಪೆಯಲ್ಲಿ ಉಬ್ಬರ ಕಣ್ಣಿಗೆ ಕಾಣುತ್ತದೆ. ನಮ್ಮ ಕೆರೆಯಲ್ಲಿ ಚಂದ್ರ ಎಬ್ಬಿಸುವ ಅಲೆಗಿಂತ ಒಂದು ಎಮ್ಮೆ ನೀರಿಗೆ ಇಳಿದರೆ ಏಳುವ ಅಲೆ ದೊಡ್ಡದು. ಕೆರೆಯಲ್ಲಿ ಚಂದ್ರನದು ಬೆಳಕಿನ ಕೆಲಸ ಅಷ್ಟೇ. ಬೆಳದಿಂಗಳಿದ್ದರೆ ಕಣ್ಣಿನಿಂದ ಬೇಟೆಯಾಡುವ ಮೀನಿಗೆ ರಾತ್ರಿಯೂ ಊಟ ಸಿಗುತ್ತದೆ. ಬಲೆ ಹಾಕುವವರಿಗಂತೂ ಬೆಳದಿಂಗಳು ಬೇಡವೇ ಬೇಡ, ಮೀನಿಗೆ ಬಲೆ ಕಾಣುತ್ತದೆ. ಅವರು ಅಮಾವಾಸ್ಯೆ ಒಳ್ಳೆಯದು ಅಂದದ್ದನ್ನೇ ಕೇಳಿಕೊಂಡು ನಾವು ಗಾಳ ಎತ್ತಿಕೊಂಡು ಓಡುತ್ತೇವೆ. ಅವರ ಮಾತು ಬಲೆಗೆ, ಗಾಳಕ್ಕಲ್ಲ. ಜೊತೆಗೆ ಅಮಾವಾಸ್ಯೆ ದಿನ ಕೆರೆ ಕಡೆ ಹೊರಟರೆ ಅಮ್ಮ ಬೈಕ್ ಕೀಲಿ ಬಚ್ಚಿಡುತ್ತಾಳೆ, ಅದು ಬೇರೆ ವಿಷಯ.

ಆ್ಯಪ್‌ನಲ್ಲಿ ಇನ್ನೊಂದು ಗೆರೆ ಇದೆ, ವಾಯುಭಾರ. ಒತ್ತಡ ಇಳಿದರೆ ಮೀನು ಕಚ್ಚುತ್ತದೆ, ಏರಿದರೆ ಬಾಯಿ ಮುಚ್ಚುತ್ತದೆ ಅಂತ. ಇದನ್ನೂ ಬಹಳ ದಿನ ನಂಬಿದ್ದೆ. ಆಮೇಲೆ ಒಂದು ದಿನ ಸುಮ್ನೆ ಲೆಕ್ಕ ಹಾಕಿದೆ. ಒಂದು ಮೀಟರ್ ನೀರಿನ ಭಾರ ಅಂದರೆ ಹತ್ತಿರ ಹತ್ತಿರ 100 ಮಿಲಿಬಾರ್. ಮೋಡ ಕಟ್ಟಿ ಮಳೆ ಬರುವಾಗ ಗಾಳಿಯ ಒತ್ತಡ ಐದೋ ಹತ್ತೋ ಮಿಲಿಬಾರ್ ಇಳಿಯುತ್ತದೆ. ಮೀನು ಒಂದು ಗೇಣು ಕೆಳಗೆ ಇಳಿದರೆ ಅದರ ಎರಡರಷ್ಟು ಏರುಪೇರು. ದಿನವಿಡೀ ಮೇಲೆ ಕೆಳಗೆ ಓಡಾಡುವ ಜೀವಕ್ಕೆ ಅದೊಂದು ಲೆಕ್ಕವಾ? ಮಳೆಗೆ ಮುಂಚೆ ಮೀನು ಕಚ್ಚುವುದು ನಿಜ, ನಾನೇ ನೋಡಿದ್ದೇನೆ. ನನಗೆ ಅನಿಸುವುದು, ಅದು ಮೋಡದ ನೆರಳಿಗೆ, ಗಾಳಿಗೆ.

ಗಾಳಿ! ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಸೂಳೆಕೆರೆ ತುಂಬಿದರೆ ಸುಮಾರು 6,500 ಎಕರೆ ನೀರು. ಇಷ್ಟು ದೊಡ್ಡ ಕೆರೆಯಲ್ಲಿ ಯಾವ ದಿನ ಅನ್ನುವುದಕ್ಕಿಂತ ಯಾವ ದಡ ಅನ್ನುವುದೇ ದೊಡ್ಡ ಪ್ರಶ್ನೆ. ಗಾಳಿ ಎತ್ತ ಬೀಸುತ್ತದೋ ಅತ್ತ ಮೇಲಿನ ನೀರು ತಳ್ಳಿಕೊಂಡು ಹೋಗುತ್ತದೆ. ಅದರ ಜೊತೆ ಕಣ್ಣಿಗೆ ಕಾಣದ ಹುಳು, ಪಾಚಿ, ನೊರೆ ಎಲ್ಲ. ಕಾಟ್ಲಾ ಮೇಲಿನ ನೀರಿನಲ್ಲಿ ಅದನ್ನೇ ಸೋಸಿ ತಿನ್ನುವ ಮೀನು. ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಪಡುವಣದಿಂದ. ಹಾಗಾಗಿ ಮೂಡಣ ದಡಕ್ಕೆ ಹೋಗಿ ನಿಲ್ಲಬೇಕು. ಗಾಳಿ ಮುಖಕ್ಕೆ ಹೊಡೆಯುತ್ತದೆ, ಎಸೆದ ಗಾಳ ವಾಪಸ್ ಬರುತ್ತದೆ, ಮೈಕ್‌ನಲ್ಲಿ ಬರೀ ಬುರ್ ಬುರ್ ಸದ್ದು. ಆದರೂ ಅಲ್ಲೇ ನಿಲ್ಲಬೇಕು. ಬೆನ್ನಿಗೆ ಗಾಳಿ ಇರುವ ದಡದಲ್ಲಿ ಗಾಳ ದೂರ ಹೋಗುತ್ತದೆ, ಮೀನು ಇನ್ನೂ ದೂರ ಹೋಗಿರುತ್ತದೆ.

ಚಿತ್ರದುರ್ಗದ ಕಡೆ ಹೋಗುವವರಿಗೆ ಇದಕ್ಕೆ ಆ್ಯಪ್ ಬೇಡ. ಇದು ಹೈವೇಯಿಂದ ತೆಗೆದ ಶಾಟ್, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿ. ಅವು ಯಾವ ಕಡೆ ಮುಖ ಮಾಡಿವೆಯೋ ಆ ಕಡೆಯಿಂದ ಗಾಳಿ. ಅದಕ್ಕೆ ಎದುರು ದಡ ನಮ್ಮದು. ರೆಕ್ಕೆ ನಿಂತೇ ಬಿಟ್ಟಿದ್ದರೆ ಹಿರಿಯೂರಿಗೆ ಹೋಗಿ ಊಟ ಮಾಡಿಕೊಂಡು ಬನ್ನಿ.

ವಾಣಿವಿಲಾಸ ಸಾಗರದ ಮಾತು ಬೇರೆ. ನಮ್ಮವರ ಬಾಯಲ್ಲಿ ಮಾರಿಕಣಿವೆ. ಅಲ್ಲಿ ವರ್ಷವೇ ಲೆಕ್ಕ. 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ! ಆಮೇಲೆ 2025ರ ಜನವರಿಯಲ್ಲಿ ಇನ್ನೊಂದು ಸಲ. ವರ್ಷಗಟ್ಟಲೆ ಒಣಗಿದ್ದ ಜಾಲಿ ಪೊದೆ, ಹುಲ್ಲು, ಇರುವೆ ಗೂಡು ಎಲ್ಲ ನೀರಿನಡಿ ಹೋಗುತ್ತದೆ. ಮೀನಿಗೆ ಅದು ಬೀಗರೂಟ ಇದ್ದ ಹಾಗೆ. ಅಂಥ ವರ್ಷ ನಡುನೀರಿಗೆ ಎಸೆಯಬೇಡಿ. ಮೊಣಕಾಲು ಮಟ್ಟದ ಹೊಸ ನೀರಿನಲ್ಲಿ, ಪೊದೆ ಪಕ್ಕ ಬಿಡಿ.

ಇನ್ನು ಕಾಲ. ಮಾವ ತಿಂಗಳಿನ ಹೆಸರು ಹೇಳುವುದಿಲ್ಲ, ಮಳೆಯ ಹೆಸರು ಹೇಳುತ್ತಾರೆ. ಏಪ್ರಿಲ್ ಕೊನೆಗೆ ಭರಣಿ, ಮೇನಲ್ಲಿ ಕೃತ್ತಿಕೆ, ಕೊನೆಗೆ ರೋಹಿಣಿ. ಇವು ಗುಡುಗು ಸಿಡಿಲಿನ ಮಳೆ. ಕೈಯಲ್ಲಿರುವ ಕಾರ್ಬನ್ ರಾಡ್‌ನಲ್ಲಿ ಕರೆಂಟ್ ಹರಿಯುತ್ತದೆ ಅನ್ನುವುದು ನೆನಪಿರಲಿ. ಸಂಜೆ ಮೋಡ ಕಟ್ಟಿದರೆ ನಾನು ದಾಮಿನಿ ಆ್ಯಪ್ ತೆಗೆದು ಸಿಡಿಲು ಎಲ್ಲಿದೆ ಅಂತ ನೋಡುತ್ತೇನೆ. ಹತ್ತಿರ ಬಂತು ಅಂದರೆ ಮೀನು ಕಚ್ಚುತ್ತಿದ್ದರೂ ಎದ್ದು ಬರುವುದೇ.

ಜೂನ್ ಎರಡನೇ ವಾರ ಮೃಗಶಿರ. ಹಳ್ಳ ಮೊದಲ ಸಲ ಹರಿಯುತ್ತದೆ, ಮೀನು ಮೊಟ್ಟೆ ಹೊತ್ತು ನೀರಿಗೆ ಎದುರಾಗಿ ಹತ್ತುತ್ತದೆ. ಹತ್ತುಮೀನು ಹೊಡೆಯುವುದು ಹಳೆಯ ಖುಷಿ, ನಾನೂ ಚಿಕ್ಕವನಿದ್ದಾಗ ಬುಟ್ಟಿ ಹಿಡಿದು ಓಡಿದ್ದೇನೆ. ಈಗ ಹೋಗುವುದಿಲ್ಲ. ಆ ಹೊತ್ತಿನಲ್ಲಿ ಕೊರಮೀನು, ಕೆಲವರು ಕುಚ್ಚು ಅನ್ನುತ್ತಾರೆ, ಅದರ ಮರಿಗಳೂ ಇರುತ್ತವೆ. ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಒಂದು ಗುಂಪು, ಕೆಳಗೆ ಅಪ್ಪ ಅಮ್ಮ ಕಾವಲು. ಗಾಳ ಬಿಟ್ಟರೆ ಸಿಟ್ಟಿಗೆ ಬಂದು ಕಚ್ಚಿಯೇ ಕಚ್ಚುತ್ತದೆ. ಅದನ್ನು ಹಿಡಿಯುವುದು ಶಿಕಾರಿ ಅಲ್ಲ.

ಬೇಸಿಗೆ ಬೇಗ ಹೇಳಿ ಮುಗಿಸುತ್ತೇನೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಪಾಚಿ ಕಟ್ಟಿದ ಕೆರೆಯಲ್ಲಿ ಅದು ತೀರಾ ಕಡಿಮೆ ಇರುವುದು ಬೆಳಗಿನ ಜಾವ, ರಾತ್ರಿಯೆಲ್ಲಾ ಪಾಚಿಯೂ ಉಸಿರಾಡಿರುತ್ತದೆ. ಹಾಗಾಗಿ ಹಸಿರು ನೀರಿನ ಕೆರೆಗೆ ನಾಲ್ಕು ಗಂಟೆಗೆ ಎದ್ದು ಹೋಗಿ ಲಾಭವಿಲ್ಲ. ಬಿಸಿಲು ಬಿದ್ದು ಒಂದು ಗಂಟೆ ಆಗಲಿ. ಕೊರಮೀನಿಗೆ ಈ ತೊಂದರೆ ಇಲ್ಲ, ಅದು ಮೇಲೆ ಬಂದು ಗಾಳಿಯನ್ನೇ ಕುಡಿಯುತ್ತದೆ. ಚಳಿಗಾಲದಲ್ಲಂತೂ ಆರಾಮ. ಮೈ ಕಾಯುವ ತನಕ ಮೀನೂ ಏಳುವುದಿಲ್ಲ, ನಾನೂ ಏಳುವುದಿಲ್ಲ. ಬೆಣ್ಣೆ ದೋಸೆ ತಿಂದು ಹತ್ತಕ್ಕೆ ಹೊರಟರೆ ಸಾಕು.

ಒಂದು ಮಾತು. ಬಹಳಷ್ಟು ಕೆರೆಗಳ ಮೀನು ಹಕ್ಕು ಟೆಂಡರ್ ಆಗಿರುತ್ತದೆ. ದುಡ್ಡು ಕೊಟ್ಟು ಮರಿ ಬಿಟ್ಟವರು ಇರುತ್ತಾರೆ. ಕೇಳದೆ ಗಾಳ ಹಾಕಬೇಡಿ.

ಈಗ ನೋಡುತ್ತಿರುವುದು ಈ ಸಲದ ವಿಡಿಯೊ. ಗೋಕುಲಾಷ್ಟಮಿ, ಮಖಾ ಮಳೆ. ಮೂರು ದಿನ ಹಳ್ಳದ ಮೇಲಿನ ಕಡೆ ಮಳೆಯಾಗಿ ಹಳ್ಳ ಹೊಸ ನೀರು ತಂದಿತ್ತು. ಮಾವನೇ ಫೋನ್ ಮಾಡಿ "ಬಾ" ಅಂದರು. ಹುಣ್ಣಿಮೆಯಿಂದ ಎಂಟನೇ ದಿನ, ಹದಿನಾರು ಗಳಿಗೆ ತಡ. ಚಂದ್ರ ಹುಟ್ಟುವುದು ನಡುರಾತ್ರಿ ಆಸುಪಾಸು, ಕೃಷ್ಣನ ಜೊತೆಗೇ. ನೆತ್ತಿಗೆ ಬರುವುದು ಬೆಳಗ್ಗೆ. ಆ್ಯಪ್ ಎರಡು ಮೀನು ತೋರಿಸಿತ್ತು.

ಅಲ್ಲಿ ಒಂದು ಗೆರೆ ಕಾಣುತ್ತಿದೆಯಾ? ಈ ಕಡೆ ಕೆನ್ನೀರು, ಆ ಕಡೆ ತಿಳಿನೀರು. ಮಾವ ಆ ಗೆರೆಯ ಮೇಲೇ ಬಿಟ್ಟರು. ಅವರದು ಬಿದಿರಿನ ಕಡ್ಡಿ, ನವಿಲುಗರಿಯ ಬೆಂಡು. ನಾನು ಪಕ್ಕದಲ್ಲಿ ಎರೆಹುಳು ಚುಚ್ಚಿ ಕೂತೆ. ಮೊದಲು ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ತಳದಲ್ಲಿ ಯಾವುದೋ ಮಣ್ಣು ಕೆದಕುತ್ತಿದೆ. ಬೆಂಡು ಒಂದು ಸಲ ನಡುಗಿತು. ಸುಮ್ಮನಾಯಿತು. ಕೈ ರಾಡ್ ಕಡೆ ಹೋಯಿತು, ಮಾವ "ತಡಿ" ಅಂದರು. ಬೆಂಡು ಅಡ್ಡ ಮಲಗಿತು, ಮೆಲ್ಲಗೆ ಪಕ್ಕಕ್ಕೆ ನಡೆಯಿತು, ಆಮೇಲೆ ಇಲ್ಲವೇ ಇಲ್ಲ.

ಮೃಗಾಲ್. ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ. ಎಂಟು ಗಂಟೆಯೊಳಗೆ ಇನ್ನೂ ಮೂರು. ಮಾವನಿಗೆ ನನಗಿಂತ ಜಾಸ್ತಿ, ಎಷ್ಟು ಅಂತ ಹೇಳಬಾರದು ಅಂದಿದ್ದಾರೆ.

"ನೋಡಿದ್ಯಾ, ಹೊಸ ನೀರು," ಅಂದರು ಮಾವ. ನಾನು ಮೊಬೈಲ್ ತೆಗೆದು ತೋರಿಸಿದೆ. ಚಂದ್ರ ಆಗ ಸರಿಯಾಗಿ ನೆತ್ತಿಯ ಮೇಲೆ. ಇಬ್ಬರೂ ತಲೆ ಎತ್ತಿದೆವು. ಬರೀ ಮೋಡ.

ಶ್ರಾವಣ ಬೇರೆ. ಮನೆಯಲ್ಲಿ ಮೀನು ಒಳಗೆ ತರುವ ಹಾಗಿಲ್ಲ. ನಾಲ್ಕನ್ನೂ ಫೋಟೊ ತೆಗೆದು ವಾಪಸ್ ಬಿಟ್ಟೆ. ಮಾವ ಅದನ್ನು ನೋಡಲಾಗದೆ ಆ ಕಡೆ ತಿರುಗಿ ಮಂಡಕ್ಕಿ ಚೀಲಕ್ಕೆ ಕೈ ಹಾಕಿದರು.